ಜೌಗು ನೆಲಕ್ಕೆ ಬರುವ ಹಣ ವರ್ಷವರ್ಷವೂ ಬರಲಿ: ಹಣಕಾಸು ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಹಣಕಾಸು ಸಚಿವರೇ,

ಈ ಪತ್ರವನ್ನು ಯಾವುದೋ ಒಂದು ದೇಶದ ಸಚಿವರಿಗೆಂದು ಬರೆದಿಲ್ಲ. ಜೌಗು ಪ್ರದೇಶಗಳನ್ನು ಉಳಿಸುವ ರಾಮ್ಸಾರ್ ಒಪ್ಪಂದಕ್ಕೆ ಸೇರಿದ 170ಕ್ಕೂ ಹೆಚ್ಚು ದೇಶಗಳಲ್ಲಿ ಬೊಕ್ಕಸದ ಕೀಲಿ ಯಾರ ಬಳಿ ಇದೆಯೋ ಅವರೆಲ್ಲರಿಗೂ ಬರೆದಿದ್ದೇನೆ. ಪರಿಸರ ಸಚಿವರಿಗೆ ಇಂಥ ಪತ್ರಗಳು ಬೇಕಾದಷ್ಟು ಹೋಗಿವೆ. ಅವರಲ್ಲಿ ಹೆಚ್ಚಿನವರಿಗೆ ವಿಷಯ ಚೆನ್ನಾಗಿಯೇ ಗೊತ್ತು. ಕೊಡಲು ಅವರ ಕೈಯಲ್ಲಿ ಹಣವಿಲ್ಲ, ಅಷ್ಟೆ. ಹಕ್ಕಿ, ಮೀನು, ನೀರುನಾಯಿ, ಕಾಂಡ್ಲಾ ಕಾಡು, ಕೆರೆ, ಅಳಿವೆ ಇವುಗಳ ಅಳಿವು ಉಳಿವು ಕೊನೆಗೆ ತೀರ್ಮಾನವಾಗುವುದು ನಿಮ್ಮ ಇಲಾಖೆಯ ಕೋಷ್ಟಕಗಳಲ್ಲಿ. ಆದ್ದರಿಂದ ನೇರವಾಗಿ ನಿಮ್ಮನ್ನೇ ಕೇಳುತ್ತಿದ್ದೇನೆ.

ಇರಾನಿನ ರಾಮ್ಸಾರ್ ಪಟ್ಟಣದಲ್ಲಿ ಜೌಗು ಪ್ರದೇಶಗಳ ಒಪ್ಪಂದ ಆದದ್ದು 1971ರ ಫೆಬ್ರುವರಿ 2ರಂದು. ಒಪ್ಪಂದದ ಸಂಸ್ಥೆಯೇ 2018ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 1970ರಿಂದ 2015ರವರೆಗೆ ಲೆಕ್ಕಕ್ಕೆ ಸಿಕ್ಕ ನೈಸರ್ಗಿಕ ಜೌಗು ಪ್ರದೇಶದಲ್ಲಿ ಸುಮಾರು ಶೇ 35ರಷ್ಟು ನಾಶವಾಗಿದೆ. ಕಾಡು ನಾಶವಾಗುವ ವೇಗಕ್ಕಿಂತ ಇದು ಮೂರು ಪಟ್ಟು ಹೆಚ್ಚು. ಒಪ್ಪಂದ ಇದ್ದೂ ಹೀಗಾಯಿತು. ಇಂದು ರಾಮ್ಸಾರ್ ಪಟ್ಟಿಯಲ್ಲಿ ಸುಮಾರು 2,500 ತಾಣಗಳಿವೆ. ಅವುಗಳ ಒಟ್ಟು ವಿಸ್ತೀರ್ಣ ಸುಮಾರು 25 ಕೋಟಿ ಹೆಕ್ಟೇರ್. ಇಷ್ಟರ ಮೇಲೂ ಕಣ್ಣಿಡಬೇಕಾದ ಒಪ್ಪಂದದ ಕಾರ್ಯಾಲಯಕ್ಕೆ ಸದಸ್ಯ ದೇಶಗಳು ಸೇರಿ ವರ್ಷಕ್ಕೆ ಕೊಡುವ ಮೂಲ ಆಯವ್ಯಯ ಸುಮಾರು 50 ಲಕ್ಷ ಸ್ವಿಸ್ ಫ್ರಾಂಕ್. ಯಾವುದೇ ದೊಡ್ಡ ನಗರದಲ್ಲಿ ಒಂದು ಮೇಲ್ಸೇತುವೆ ಕಟ್ಟಲು ಇದಕ್ಕಿಂತ ಹೆಚ್ಚು ಖರ್ಚಾಗುತ್ತದೆ. ಮೂಗಿಗೆ ತುಪ್ಪ ಸವರುವುದೆಂದರೆ ಇದೇ.

ಆದರೆ ಮೊತ್ತದ ಮಾತಿಗಿಂತ ಮೊದಲು ಹಣ ಬರುವ ರೀತಿಯ ಮಾತನ್ನು ಆಡಬೇಕು. ನನ್ನ ವಾದವೆಲ್ಲ ಅಲ್ಲಿದೆ.

ಒಂದು ಕೆರೆಯನ್ನೋ ಅಳಿವೆಯನ್ನೋ ಸಂರಕ್ಷಿಸುತ್ತೇವೆ ಎಂದು ಸರ್ಕಾರ ಹೊರಟಾಗ ಮೊದಲು ಮಂಜೂರಾಗುವುದು ಕಾಮಗಾರಿ. ಬೇಲಿ, ವೀಕ್ಷಣಾ ಗೋಪುರ, ನಡಿಗೆ ಪಥ, ಮಾಹಿತಿ ಕೇಂದ್ರ, ದೋಣಿ ಕಟ್ಟೆ. ಇವುಗಳಿಗೆ ಟೆಂಡರ್ ಕರೆಯಬಹುದು, ಫಲಕ ಹಾಕಬಹುದು, ಉದ್ಘಾಟನೆ ಮಾಡಬಹುದು. ಲೆಕ್ಕಪತ್ರದಲ್ಲಿ ಇವು ಬಂಡವಾಳ ವೆಚ್ಚ, ಆಸ್ತಿ. ಜೌಗು ಪ್ರದೇಶ ಬದುಕುವುದು ಮಾತ್ರ ಬೇರೆ ಕೆಲಸಗಳಿಂದ. ಕಳೆ ಹೂ ಬಿಡುವ ಮೊದಲೇ ಅದನ್ನು ಎಳೆದು ಹಾಕಬೇಕು. ತೂಬನ್ನು ಯಾವಾಗ ಎಷ್ಟು ಎತ್ತಬೇಕು ಎಂದು ತಿಳಿದವರು ಅಲ್ಲಿಯೇ ಇರಬೇಕು. ರಾತ್ರಿ ಗಸ್ತು ತಿರುಗಬೇಕು. ನೀರಿನ ಉಪ್ಪಿನಂಶವನ್ನೂ ಆಮ್ಲಜನಕವನ್ನೂ ತಪ್ಪದೆ ಅಳೆಯಬೇಕು. ಪ್ರತಿ ಚಳಿಗಾಲವೂ ಹಕ್ಕಿಗಳನ್ನು ಎಣಿಸಬೇಕು. ಬೆಳೆ ಕಳೆದುಕೊಂಡ ರೈತನಿಗೆ, ಬಲೆ ಹರಿದುಹೋದ ಮೀನುಗಾರನಿಗೆ ಪರಿಹಾರ ಅದೇ ತಿಂಗಳು ಸಿಗಬೇಕು. ಇವೆಲ್ಲ ಲೆಕ್ಕಪತ್ರದಲ್ಲಿ ನಿರ್ವಹಣಾ ವೆಚ್ಚ. ಹಣ ಬಿಗಿಯಾದಾಗ ಮೊದಲು ಕತ್ತರಿ ಬೀಳುವುದು ಇವುಗಳ ಮೇಲೆಯೇ.

ಅಂತರಗಂಗೆಯನ್ನೇ ತೆಗೆದುಕೊಳ್ಳಿ. ನೇರಳೆ ಹೂವಿನ ಈ ಜಲಕಳೆ ದಕ್ಷಿಣ ಅಮೆರಿಕದಿಂದ ಬಂದು ಉಷ್ಣವಲಯದ ಕೆರೆ, ನದಿಗಳನ್ನೆಲ್ಲ ಮುಚ್ಚಿದೆ. ಬೆಚ್ಚಗಿನ, ಕೊಳಚೆ ಸೇರಿದ ನೀರಿನಲ್ಲಿ ಎರಡೇ ವಾರಗಳಲ್ಲಿ ಇಮ್ಮಡಿಯಾಗಬಲ್ಲದು. ಇದರ ಬೀಜ ಕೆಸರಿನಲ್ಲಿ ಹತ್ತಾರು ವರ್ಷ ಬದುಕಿರುತ್ತದೆ. ಎರಡು ವರ್ಷ ಶ್ರದ್ಧೆಯಿಂದ ತೆಗೆದು ಮೂರನೆಯ ವರ್ಷ ಅನುದಾನ ಬರಲಿಲ್ಲವೆಂದು ಕೈಬಿಟ್ಟರೆ, ಮೊದಲ ಎರಡು ವರ್ಷ ಸುರಿದ ಹಣವೂ ನೀರುಪಾಲು. ಈ ಕಳೆಗೆ ಆರ್ಥಿಕ ವರ್ಷ ಗೊತ್ತಿಲ್ಲ. ವರ್ಷದ ಕೊನೆಯ ತಿಂಗಳುಗಳಲ್ಲಿ ಹಣ ಬಿಡುಗಡೆಯಾಗುತ್ತದೆ, ಆ ಹೊತ್ತಿಗೆ ಹಕ್ಕಿಗಳು ಗೂಡು ಕಟ್ಟಿರುತ್ತವೆ ಅಥವಾ ನೀರು ಏರಿರುತ್ತದೆ, ಕೆಲಸ ಆಗುವುದಿಲ್ಲ, ಖರ್ಚಾಗದ ಹಣ ವಾಪಸ್ ಹೋಗುತ್ತದೆ, ಹೋದ ವರ್ಷ ಖರ್ಚು ಮಾಡಲಿಲ್ಲ ಎಂಬ ಕಾರಣಕ್ಕೆ ಮುಂದಿನ ವರ್ಷ ಅನುದಾನ ಇಳಿಯುತ್ತದೆ. ಯಾರೂ ಕದಿಯದೆ, ಯಾರೂ ದ್ರೋಹ ಬಗೆಯದೆ, ಬರಿಯ ನಿಯಮ ಪಾಲನೆಯಿಂದಲೇ ಒಂದು ಜಲಾಶ್ರಯ ಸಾಯಬಹುದು. ನಿಮ್ಮ ಇಲಾಖೆ ಬದಲಿಸಬಹುದಾದ ನಿಯಮಗಳೇ ಇವು ಎನ್ನುವ ಕಾರಣಕ್ಕೆ ಈ ಮಾತನ್ನು ಇಷ್ಟು ವಿವರವಾಗಿ ಬರೆದೆ.

ಹಣ ನಿಲ್ಲದೆ ಬಂದರೆ ಏನಾಗುತ್ತದೆ ಎಂಬುದಕ್ಕೂ ಸಾಕ್ಷಿ ಇದೆ. 1930ರ ದಶಕದಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಭೀಕರ ಬರ, ಧೂಳಿನ ಬಿರುಗಾಳಿ. ಜೌಗು ನೆಲಗಳು ಒಣಗಿ, ಉಳಿದವನ್ನು ಬೇಸಾಯಕ್ಕೆಂದು ಬಸಿದು, ಕಾಡುಬಾತುಗಳ ಸಂಖ್ಯೆ ಪಾತಾಳಕ್ಕೆ ಇಳಿದಿತ್ತು. ಆರ್ಥಿಕ ಮಹಾಕುಸಿತದ ನಡುವೆ, ಬೊಕ್ಕಸ ಬರಿದಾಗಿದ್ದ 1934ರಲ್ಲಿ ಅಲ್ಲಿನ ಸಂಸತ್ತು ಒಂದು ಕಾನೂನು ಮಾಡಿತು. ಬಾತುಗಳನ್ನು ಬೇಟೆಯಾಡುವ ಹದಿನಾರು ವರ್ಷ ಮೀರಿದ ಪ್ರತಿಯೊಬ್ಬರೂ ಪ್ರತಿವರ್ಷ ಒಂದು ಅಂಚೆಚೀಟಿಯಂಥ ಚೀಟಿಯನ್ನು ಕೊಳ್ಳಬೇಕು. ಮೊದಲ ಚೀಟಿಯ ಬೆಲೆ ಒಂದು ಡಾಲರ್. ಚಿತ್ರ ಬರೆದವರು ವ್ಯಂಗ್ಯಚಿತ್ರಕಾರ ಜೆ. ಎನ್. ಡಾರ್ಲಿಂಗ್, ಆಗ ವನ್ಯಜೀವಿಗಳ ಹೊಣೆ ಹೊತ್ತಿದ್ದ ಸರ್ಕಾರಿ ಸಂಸ್ಥೆಯ ಮುಖ್ಯಸ್ಥರೂ ಅವರೇ. ಇಂದು ಅದರ ಬೆಲೆ 25 ಡಾಲರ್. ಬೇಟೆಯಾಡದ ಹಕ್ಕಿಪ್ರಿಯರೂ ಅಂಚೆಚೀಟಿ ಸಂಗ್ರಹಿಸುವವರೂ ಅದನ್ನು ಕೊಳ್ಳುತ್ತಾರೆ. ಬಂದ ಪ್ರತಿ ಡಾಲರಿನಲ್ಲಿ 98 ಸೆಂಟ್ ನೇರವಾಗಿ ಜೌಗು ನೆಲ ಕೊಳ್ಳಲು ಅಥವಾ ಗೇಣಿಗೆ ಪಡೆಯಲು ಹೋಗುತ್ತದೆ. ಇದುವರೆಗೆ ಹೀಗೆ ಕೂಡಿದ್ದು ನೂರು ಕೋಟಿ ಡಾಲರಿಗೂ ಹೆಚ್ಚು. ಅದರಿಂದ ಉಳಿಸಿಕೊಂಡ ನೆಲ ಸುಮಾರು 60 ಲಕ್ಷ ಎಕರೆ.

ಮೂರು ವರ್ಷಗಳ ನಂತರ, 1937ರಲ್ಲಿ, ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ ಬಂತು. ಬಂದೂಕು, ಮದ್ದುಗುಂಡುಗಳ ಮೇಲಿನ ತೆರಿಗೆ ಅದುವರೆಗೆ ಸಾಮಾನ್ಯ ಬೊಕ್ಕಸಕ್ಕೆ ಸೇರುತ್ತಿತ್ತು. ಆ ಹಣವನ್ನು ವನ್ಯಜೀವಿ ಸಂರಕ್ಷಣೆಗೆಂದೇ ರಾಜ್ಯಗಳಿಗೆ ಹಂಚುವುದೆಂದಾಯಿತು. ಅದರಲ್ಲಿನ ಒಂದು ಷರತ್ತನ್ನು ನೀವು ದಯವಿಟ್ಟು ಎರಡು ಸಲ ಓದಬೇಕು. ಬೇಟೆ ಪರವಾನಗಿಯ ಶುಲ್ಕವನ್ನು ವನ್ಯಜೀವಿ ಇಲಾಖೆಯ ಕೆಲಸ ಬಿಟ್ಟು ಬೇರೆ ಯಾವುದಕ್ಕೂ ತಿರುಗಿಸುವುದಿಲ್ಲ ಎಂದು ತನ್ನದೇ ಶಾಸನಸಭೆಯಲ್ಲಿ ಕಾನೂನು ಮಾಡಿದ ರಾಜ್ಯಕ್ಕೆ ಮಾತ್ರ ಈ ಹಣ. ರಸ್ತೆಗೆ ತಿರುಗಿಸಿದರೆ, ಬೇರೆ ಇಲಾಖೆಯ ಸಂಬಳಕ್ಕೆ ತಿರುಗಿಸಿದರೆ, ಪಾಲು ಹೋಯಿತು. ತೊಂಬತ್ತು ವರ್ಷಗಳ ಹತ್ತಿರ ಬಂದರೂ, ಎಷ್ಟೋ ಸರ್ಕಾರಗಳು ಬದಲಾದರೂ ಆ ಬೀಗ ಮುರಿದಿಲ್ಲ.

ಫಲ ಏನು? ಅಮೆರಿಕ ಮತ್ತು ಕೆನಡಾಗಳಲ್ಲಿ 1970ರಿಂದ ಈಚೆಗೆ ಸುಮಾರು 290 ಕೋಟಿ ಹಕ್ಕಿಗಳು ಕಡಿಮೆಯಾಗಿವೆ ಎಂದು 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ಹೇಳಿತು. ಹುಲ್ಲುಗಾವಲಿನ ಹಕ್ಕಿಗಳು, ಕಾಡಿನ ಹಕ್ಕಿಗಳು, ಮನೆಯಂಗಳದ ಗುಬ್ಬಿಗಳು ಸಹ ಇಳಿಮುಖ. ಅದೇ ಅಧ್ಯಯನದಲ್ಲಿ ಜೌಗು ನೆಲದ ಹಕ್ಕಿಗಳು ಶೇ 13ರಷ್ಟು ಹೆಚ್ಚಿವೆ. ಬಾತು, ಹೆಬ್ಬಾತುಗಳು ಶೇ 56ರಷ್ಟು ಹೆಚ್ಚಿವೆ. ಅದೇ ಖಂಡ, ಅದೇ ಹವಾಮಾನ, ಅದೇ ಕೀಟನಾಶಕಗಳು. ಬೇಟೆಯ ಮೇಲಿನ ಬಿಗಿ ನಿಯಂತ್ರಣದ ಜೊತೆಗೆ, ದಶಕಗಳ ಕಾಲ ತಪ್ಪದೆ ಬಂದ ಹಣ ಈ ವ್ಯತ್ಯಾಸವನ್ನು ಮಾಡಿತು. ಸಂರಕ್ಷಣೆಗೆ ಹಾಕುವ ಹಣ ಫಲ ಕೊಡುತ್ತದೆಯೇ ಎಂದು ನಿಮ್ಮ ಅಧಿಕಾರಿಗಳು ಕೇಳಿದರೆ ಈ ಎರಡು ಅಂಕಿಗಳನ್ನು ಅವರ ಮುಂದಿಡಿ.

ಬೇಟೆಗೆ ನಿಷೇಧವಿರುವ ದೇಶದಲ್ಲಿ ಬಂದೂಕಿನ ತೆರಿಗೆ ನಡೆಯುವುದಿಲ್ಲ, ಅದು ಸರಿ. ಕೋಸ್ಟರಿಕಾ ಬೇರೆ ದಾರಿ ಹಿಡಿಯಿತು. 1996ರ ಅರಣ್ಯ ಕಾನೂನಿನಡಿ ಅಲ್ಲಿ ಪೆಟ್ರೋಲ್, ಡೀಸೆಲ್ ತೆರಿಗೆಯ ಒಂದು ಪಾಲು, ಈಗ ಶೇ 3.5, ಕಾಡು ಉಳಿಸಿಕೊಂಡ ಜಮೀನುದಾರರಿಗೆ ಹೋಗುತ್ತದೆ. ಅದೇ ಕಾನೂನು ಕಾಡು ಕಡಿದು ನೆಲದ ಬಳಕೆ ಬದಲಿಸುವುದನ್ನೂ ನಿಷೇಧಿಸಿತು. 1980ರ ದಶಕದಲ್ಲಿ ದೇಶದ ನಾಲ್ಕನೆಯ ಒಂದು ಭಾಗದ ಆಸುಪಾಸಿಗೆ ಇಳಿದಿದ್ದ ಕಾಡು ಇಂದು ಅರ್ಧಕ್ಕೂ ಹೆಚ್ಚು ಭಾಗದಲ್ಲಿದೆ. ತೆರಿಗೆ ಯಾವುದರ ಮೇಲೆ ಎಂಬುದನ್ನು ಆಯಾ ದೇಶ ತೀರ್ಮಾನಿಸಲಿ. ಮರಳು, ಬಾಟಲಿ ನೀರು, ಬಂದರಿನ ಶುಲ್ಕ, ತುಂಬಿಸಿದ ನೆಲದ ಮೇಲಿನ ಕಟ್ಟಡ ಪರವಾನಗಿ, ಇವುಗಳಲ್ಲಿ ಯಾವುದಾದರೂ ಆಗಬಹುದು. ನೀರಿನ ನೆಲೆಯಿಂದ ಲಾಭ ಪಡೆದವರಿಂದ ಬರಬೇಕು, ಬಂದದ್ದು ಬೇರೆಡೆಗೆ ತಿರುಗಬಾರದು, ವರ್ಷ ಮುಗಿಯಿತೆಂದು ವಾಪಸ್ ಹೋಗಬಾರದು. ಇಷ್ಟಿದ್ದರೆ ಸಾಕು.

ಹಣವೇ ಇಲ್ಲ ಎನ್ನುವ ಉತ್ತರವೂ ನಿಮ್ಮಲ್ಲಿ ಸಿದ್ಧವಿರಬಹುದು. ಹಾಗಿದ್ದರೆ ಈಗಾಗಲೇ ಉಳಿಯುತ್ತಿರುವ ಹಣವನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಪೂರ್ವ ಕೋಲ್ಕತ್ತದಲ್ಲಿ 12,500 ಹೆಕ್ಟೇರ್ ಜೌಗು ಪ್ರದೇಶವಿದೆ. ನಗರದ ಕೊಳಚೆನೀರು ಅಲ್ಲಿನ ಆಳವಿಲ್ಲದ ಮೀನುಹೊಂಡಗಳಿಗೆ ಹರಿಯುತ್ತದೆ. ಬಿಸಿಲು, ಪಾಚಿ, ಸೂಕ್ಷ್ಮಜೀವಿಗಳು ಸೇರಿ ಅದನ್ನು ಶುದ್ಧಗೊಳಿಸುತ್ತವೆ; ಪಾಚಿಯನ್ನು ಮೀನು ತಿನ್ನುತ್ತದೆ; ಹೊರಬಂದ ನೀರಿನಲ್ಲಿ ಭತ್ತವೂ ತರಕಾರಿಯೂ ಬೆಳೆಯುತ್ತವೆ. ಅದೇ ಕೆಲಸಕ್ಕೆ ಶುದ್ಧೀಕರಣ ಘಟಕಗಳನ್ನು ಕಟ್ಟಿ, ವಿದ್ಯುತ್ ಕೊಟ್ಟು, ನಡೆಸಿಕೊಂಡು ಹೋಗುವ ವೆಚ್ಚ ಆ ನಗರದ ಯಾವ ಆಯವ್ಯಯದಲ್ಲೂ ಕಾಣುವುದಿಲ್ಲ, ಏಕೆಂದರೆ ಮೀನುಗಾರರು ಅದನ್ನು ಪುಕ್ಕಟೆಯಾಗಿ ಮಾಡುತ್ತಿದ್ದಾರೆ. ಬಾಸ್ಟನ್ ಪಕ್ಕದ ಚಾರ್ಲ್ಸ್ ನದಿಯಲ್ಲಿ ಪ್ರವಾಹ ತಡೆಯಲು ಅಣೆಕಟ್ಟು ಕಟ್ಟುವ ಬದಲು, ಮೇಲ್ಭಾಗದ ಎಂಟು ಸಾವಿರ ಎಕರೆಯಷ್ಟು ಜೌಗು ನೆಲವನ್ನು ಉಳಿಸಿಕೊಂಡರೆ ಸಾಕು ಎಂದು ಅಮೆರಿಕದ ಸೇನಾ ಎಂಜಿನಿಯರುಗಳೇ ಶಿಫಾರಸು ಮಾಡಿದರು. 1974ರಲ್ಲಿ ಸಂಸತ್ತು ಒಪ್ಪಿತು. ಅಣೆಕಟ್ಟಿಗೆ ಅಂದಾಜಿಸಿದ್ದ ವೆಚ್ಚದ ಸುಮಾರು ಹತ್ತನೆಯ ಒಂದು ಪಾಲಿನಲ್ಲಿ ಕೆಲಸ ಮುಗಿಯಿತು. ಹೀಗಿರುವಾಗ ಪ್ರಕೃತಿ ವಿಕೋಪ ನಿಧಿಯಿಂದ, ಕುಡಿಯುವ ನೀರಿನ ಮಂಡಳಿಯಿಂದ, ಮೀನುಗಾರಿಕೆ ಇಲಾಖೆಯಿಂದ ಜೌಗು ನೆಲಕ್ಕೆ ಒಂದು ಪಾಲು ಯಾಕೆ ಬರಬಾರದು? ಎಲ್ಲ ಹೊರೆಯನ್ನೂ ಅರಣ್ಯ ಇಲಾಖೆಯ ತಲೆಯ ಮೇಲೇ ಯಾಕೆ ಹೊರಿಸಬೇಕು?

ಇನ್ನೊಂದು ಮಾತು ನಿಮಗೆ ಹಿಡಿಸಲಿಕ್ಕಿಲ್ಲ. ಜೌಗು ನೆಲವನ್ನು ಕೊಲ್ಲುವ ಹಣವೂ ನಿಮ್ಮ ಬೊಕ್ಕಸದಿಂದಲೇ ಹೋಗುತ್ತಿದೆ. ಪೀಟ್ ಎಂಬುದು ನೀರಿನಡಿಯಲ್ಲಿ ಸಾವಿರಾರು ವರ್ಷಗಳಿಂದ ಪೂರ್ತಿ ಕೊಳೆಯದೆ ಪದರಪದರವಾಗಿ ಕೂತ ಸಸ್ಯಾವಶೇಷ. ಇಂಥ ನೆಲ ಭೂಭಾಗದಲ್ಲಿ ಸುಮಾರು ಶೇ 3 ಮಾತ್ರ. ಆದರೆ ಜಗತ್ತಿನ ಎಲ್ಲ ಕಾಡುಗಳ ಮರಗಿಡಗಳಲ್ಲಿ ಇರುವುದಕ್ಕಿಂತ ಹೆಚ್ಚು ಇಂಗಾಲ ಅದರಲ್ಲಿದೆ. ನೀರು ಬಸಿದರೆ ಅದು ಒಣಗಿ ಕೊಳೆಯುತ್ತದೆ, ಹೊತ್ತಿ ಉರಿಯುತ್ತದೆ. ಐರೋಪ್ಯ ಒಕ್ಕೂಟದಲ್ಲಿ ದಶಕಗಳ ಕಾಲ ನೀರು ಬಸಿದ ಪೀಟ್ ನೆಲದ ಬೇಸಾಯಕ್ಕೆ ಕೃಷಿ ಸಹಾಯಧನ ಸಿಗುತ್ತಿತ್ತು. ಅದೇ ನೆಲವನ್ನು ಮತ್ತೆ ತೋಯಿಸಿ ಜೊಂಡು ಬೆಳೆಯಹೊರಟ ರೈತ ಅನೇಕ ಕಡೆ ಆ ಸಹಾಯಧನವನ್ನೇ ಕಳೆದುಕೊಳ್ಳಬೇಕಾಗಿತ್ತು. ಇಂಡೋನೇಷ್ಯಾದಲ್ಲಿ ಕಾಲುವೆ ತೋಡಿ ಬಸಿದ ಪೀಟ್ ಕಾಡುಗಳು 2015ರಲ್ಲಿ ತಿಂಗಳುಗಟ್ಟಲೆ ಉರಿದವು. ಆ ಒಂದು ವರ್ಷದ ನಷ್ಟವನ್ನು ವಿಶ್ವಬ್ಯಾಂಕ್ 1,600 ಕೋಟಿ ಡಾಲರ್ ಎಂದು ಅಂದಾಜಿಸಿತು. ಮರುವರ್ಷದ ಜನವರಿಯಲ್ಲಿ ಪೀಟ್ ನೆಲ ಪುನಶ್ಚೇತನಕ್ಕೆಂದೇ ಅಲ್ಲಿ ಒಂದು ಸರ್ಕಾರಿ ಸಂಸ್ಥೆ ಹುಟ್ಟಿತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

2022ರ ಡಿಸೆಂಬರ್‌ನಲ್ಲಿ ಮಾಂಟ್ರಿಯಲ್‌ನಲ್ಲಿ ಆದ ಜೀವವೈವಿಧ್ಯ ಉಳಿಸುವ ಜಾಗತಿಕ ಚೌಕಟ್ಟಿಗೆ ನಿಮ್ಮಲ್ಲಿ ಬಹುತೇಕರ ಸರ್ಕಾರಗಳು ಒಪ್ಪಿಗೆ ಕೊಟ್ಟಿವೆ. 2030ರ ಹೊತ್ತಿಗೆ ಎಲ್ಲ ಮೂಲಗಳಿಂದ ವರ್ಷಕ್ಕೆ 20,000 ಕೋಟಿ ಡಾಲರ್ ಒಟ್ಟುಗೂಡಿಸುವುದು ಅದರ ಒಂದು ಗುರಿ. ಪ್ರಕೃತಿಗೆ ಕೆಡುಕು ಮಾಡುವ ಸಹಾಯಧನಗಳನ್ನು ವರ್ಷಕ್ಕೆ ಕನಿಷ್ಠ 50,000 ಕೋಟಿ ಡಾಲರ್‌ನಷ್ಟು ಇಳಿಸುವುದು ಇನ್ನೊಂದು. ಕೊಡುವ ಗುರಿಗಿಂತ ನಿಲ್ಲಿಸುವ ಗುರಿ ಎರಡೂವರೆ ಪಟ್ಟು ದೊಡ್ಡದು! ಎಲ್ಲರೂ ಮೊದಲನೆಯದರ ಬಗ್ಗೆ ಮಾತನಾಡುತ್ತಾರೆ. ಎರಡನೆಯದನ್ನು ಮಾಡಲು ಹೊಸ ತೆರಿಗೆ ಬೇಡ, ಸಾಲ ಬೇಡ. ಆದರೆ ಕೃಷಿ, ಇಂಧನ, ಭೂ ಅಭಿವೃದ್ಧಿಯ ದೊಡ್ಡ ಕುಳಗಳಿಗೆ ಇಲ್ಲವೆನ್ನುವ ಧೈರ್ಯ ಬೇಕು.

ಸಾಲ ಮನ್ನಾ ಮಾಡಿ ಬದಲಿಗೆ ಸಂರಕ್ಷಣೆ ಕೇಳುವ ಒಪ್ಪಂದಗಳು, ಹಿಡಿದಿಟ್ಟ ಇಂಗಾಲದ ಲೆಕ್ಕದಲ್ಲಿ ಮಾರುವ ಕಾರ್ಬನ್ ಕ್ರೆಡಿಟ್‌ಗಳು, ಪರಿಸರದ ಕೆಲಸಕ್ಕೆಂದೇ ಸಾಲ ಎತ್ತುವ ಹಸಿರು ಬಾಂಡ್‌ಗಳು ಇವೆಲ್ಲ ಈಗ ಚಾಲ್ತಿಯಲ್ಲಿವೆ. ಕೆಲವು ಕಡೆ ಒಳ್ಳೆಯದೂ ಆಗಿದೆ. ಕೆನ್ಯಾದ ಗಾಜಿ ಕೊಲ್ಲಿಯಲ್ಲಿ ಊರವರೇ ನೋಡಿಕೊಳ್ಳುವ ನೂರಿಪ್ಪತ್ತು ಹೆಕ್ಟೇರಿನಷ್ಟು ಕಾಂಡ್ಲಾ ಕಾಡಿನ ಇಂಗಾಲದ ಆದಾಯದಿಂದ ಊರಿಗೆ ಕುಡಿಯುವ ನೀರು ಬಂದಿದೆ, ಶಾಲೆಗೆ ಪುಸ್ತಕ ಬಂದಿದೆ. ಸಣ್ಣ ಯೋಜನೆ, ಆದರೆ ಹಣ ಯಾರಿಗೆ ತಲುಪಬೇಕೋ ಅವರಿಗೇ ತಲುಪಿದೆ. ಆದರೂ ಮಾರುಕಟ್ಟೆಯ ಬೆಲೆ ಏರಿಳಿದಂತೆಲ್ಲ ಏರಿಳಿಯುವ ಆದಾಯವನ್ನು ನಂಬಿ ಸರ್ಕಾರ ಕೈ ತೊಳೆದುಕೊಳ್ಳುವಂತಿಲ್ಲ.

ಜನರನ್ನು ಬಿಟ್ಟು ಹಣ ಖರ್ಚು ಮಾಡಿದರೆ ಏನಾಗುತ್ತದೆ ಎಂಬುದನ್ನು ರಾಜಸ್ಥಾನದ ಭರತ್‌ಪುರದಲ್ಲಿರುವ ಕೇವಲಾದೇವ್ ಪಕ್ಷಿಧಾಮ ತೋರಿಸಿದೆ. ರಾಮ್ಸಾರ್ ಪಟ್ಟಿಗೆ 1981ರಲ್ಲಿ ಸೇರಿದ ಭಾರತದ ಮೊದಲ ಎರಡು ತಾಣಗಳಲ್ಲಿ ಅದೂ ಒಂದು. 1982ರಲ್ಲಿ ಅಲ್ಲಿ ಎಮ್ಮೆ, ದನ ಮೇಯಿಸುವುದನ್ನು ನಿಷೇಧಿಸಲಾಯಿತು. ಪ್ರತಿಭಟಿಸಿದ ಹಳ್ಳಿಗರ ಮೇಲೆ ಪೊಲೀಸರು ಗುಂಡು ಹಾರಿಸಿ ಜೀವಗಳು ಹೋದವು. ಆಮೇಲೆ ನಡೆದದ್ದನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ದೀರ್ಘ ಅಧ್ಯಯನ ದಾಖಲಿಸಿತು: ಮೇಯುವ ಎಮ್ಮೆಗಳಿಲ್ಲದೆ ಹುಲ್ಲು ದಟ್ಟವಾಗಿ ಬೆಳೆದು ನೀರಿನ ಹರವನ್ನೇ ಮುಚ್ಚಿತು, ಹಕ್ಕಿಗಳಿಗೆ ತೊಂದರೆಯಾಯಿತು. ಎಮ್ಮೆಗಳು ಪುಕ್ಕಟೆ ಮಾಡುತ್ತಿದ್ದ ಕೆಲಸವನ್ನು ಹಣ ಕೊಟ್ಟು ಮಾಡಿಸಬೇಕಾಯಿತು. ಅದೇ ಪಟ್ಟಿಗೆ ಅದರ ಜೊತೆಯಲ್ಲೇ ಸೇರಿದ ಒಡಿಶಾದ ಚಿಲಿಕಾ ಸರೋವರದ ಕಥೆ ಬೇರೆ. ಹೂಳು ತುಂಬಿ ಸಮುದ್ರದ ಬಾಯಿ ಕಟ್ಟಿಕೊಂಡಿತ್ತು, ನೀರಿನ ಉಪ್ಪಿನಂಶ ಇಳಿದಿತ್ತು, ಕಳೆ ಹಬ್ಬಿತ್ತು, ಮೀನು ಕುಸಿದಿತ್ತು. 1993ರಲ್ಲಿ ಅದು ಅಪಾಯದಲ್ಲಿರುವ ತಾಣಗಳ ಮಾಂಟ್ರೋ ದಾಖಲೆಗೆ ಸೇರಿತು. ಚಿಲಿಕಾಕ್ಕೆಂದೇ ರಚಿಸಿದ ಪ್ರಾಧಿಕಾರವೊಂದು ವರ್ಷಗಟ್ಟಲೆ ಅಳೆದು, ಲೆಕ್ಕ ಹಾಕಿ, 2000ದಲ್ಲಿ ಸಮುದ್ರಕ್ಕೆ ಹೊಸ ಬಾಯಿ ತೆರೆಯಿತು. ಜಲಾನಯನದ ಹಳ್ಳಿಗಳಲ್ಲಿ ಮಣ್ಣು ಕೊಚ್ಚಿಹೋಗದಂತೆ ಊರವರ ಜೊತೆ ಸೇರಿ ಕೆಲಸ ಮಾಡಿತು. ಮೀನಿನ ಇಳುವರಿ ಹಲವು ಪಟ್ಟು ಏರಿತು. 2002ರಲ್ಲಿ ಚಿಲಿಕಾ ಆ ದಾಖಲೆಯಿಂದ ಹೊರಬಂತು, ಆ ವರ್ಷದ ರಾಮ್ಸಾರ್ ಪ್ರಶಸ್ತಿಯೂ ಸಂದಿತು. ಬಾಯಿ ತೆರೆದ ಕಾಮಗಾರಿಯ ಚಿತ್ರವನ್ನು ಎಲ್ಲರೂ ನೋಡಿದ್ದಾರೆ. ಅದರ ಹಿಂದಿನ, ಮುಂದಿನ ವರ್ಷಗಳ ಅಳತೆ, ಮೇಲುಸ್ತುವಾರಿಗೆ ಸಂಬಳ ಕೊಟ್ಟ ಲೆಕ್ಕವೂ ಅಷ್ಟೇ ಮುಖ್ಯ.

ಶ್ರೀಮಂತ ದೇಶಗಳ ಸಚಿವರಿಗೆ ಪ್ರತ್ಯೇಕವಾಗಿ ಒಂದು ಮಾತು. ಅಲಾಸ್ಕಾದಲ್ಲಿ ಮರಿ ಮಾಡಿದ ಪಟ್ಟೆಬಾಲದ ಗಾಡ್ವಿಟ್ ಎಂಬ ಹಕ್ಕಿ ಎಲ್ಲೂ ಇಳಿಯದೆ ಹನ್ನೊಂದು ದಿನದವರೆಗೂ ಹಾರಿ ದಕ್ಷಿಣ ಗೋಳಾರ್ಧಕ್ಕೆ ಹೋಗುತ್ತದೆ. 2022ರಲ್ಲಿ ಒಂದು ಎಳೆಯ ಹಕ್ಕಿ ಹೀಗೆ 13,560 ಕಿಲೋಮೀಟರ್ ಹಾರಿ ಟಾಸ್ಮೇನಿಯಾ ಮುಟ್ಟಿತು. ಹಿಂದಿರುಗುವಾಗ ಮಾತ್ರ ಇವು ಚೀನಾ, ಕೊರಿಯಾಗಳ ನಡುವಿನ ಹಳದಿ ಸಮುದ್ರದ ಕೆಸರುದಂಡೆಯಲ್ಲಿ ಇಳಿದು ಮೈ ತುಂಬಿಕೊಳ್ಳಲೇಬೇಕು. ದಕ್ಷಿಣ ಕೊರಿಯಾದ ಸೆಮಂಗಮ್‌ನಲ್ಲಿ 2006ರಲ್ಲಿ 33 ಕಿಲೋಮೀಟರ್ ಉದ್ದದ ಸಮುದ್ರಗೋಡೆ ಕೂಡಿಕೊಂಡಾಗ ಅಂಥದೊಂದು ದೊಡ್ಡ ದಂಡೆ ಸತ್ತಿತು. ಅಲ್ಲಿ ಇಳಿಯುತ್ತಿದ್ದ ಗ್ರೇಟ್ ನಾಟ್ ಹಕ್ಕಿಗಳು ಪಕ್ಕದ ದಂಡೆಗಳಿಗೆ ಹೋಗಿ ಬದುಕಿಕೊಳ್ಳಲಿಲ್ಲ. ಅವುಗಳ ಸಂಖ್ಯೆಯೇ ಇಳಿಯಿತು. ಸಾವಿರಾರು ಕಿಲೋಮೀಟರ್ ದೂರದ ಆಸ್ಟ್ರೇಲಿಯಾದಲ್ಲಿ ಎಷ್ಟು ಹಣ ಸುರಿದು ಕಡಲತೀರ ಕಾದರೂ ಆ ನಷ್ಟ ತುಂಬುವುದಿಲ್ಲ. ಚೀನಾ 2018ರಲ್ಲಿ ವ್ಯಾಪಾರಕ್ಕಾಗಿ ಕಡಲ ದಂಡೆ ತುಂಬುವುದನ್ನು ನಿಲ್ಲಿಸಿದ್ದು ಮೆಚ್ಚಬೇಕಾದ ನಿರ್ಧಾರ. 2025ರೊಳಗೆ ಬಡ ದೇಶಗಳಿಗೆ ವರ್ಷಕ್ಕೆ 2,000 ಕೋಟಿ ಡಾಲರ್ ಎಂದು ಮಾಂಟ್ರಿಯಲ್‌ನಲ್ಲಿ ನೀವು ಕೊಟ್ಟ ಮಾತಿನ ಗಡುವು ಬಂದು ಹೋಗಿದೆ. ಸಾಲ ಕೊಟ್ಟು ನೆರವೆಂದು ಲೆಕ್ಕ ಬರೆಯಬೇಡಿ. ನೀವು ನಿಮ್ಮ ದಂಡೆಯಲ್ಲಿ ಕಾಯುತ್ತಿರುವ ಹಕ್ಕಿಯೇ ಅವರ ದಂಡೆಯಲ್ಲಿ ಹಸಿದಿರುತ್ತದೆ.

ನಿಮ್ಮೆಲ್ಲರಲ್ಲಿ ನನ್ನ ಬೇಡಿಕೆ ಇದು. ಜೌಗು ನೆಲ ಮತ್ತು ಅಲ್ಲಿನ ಜೀವಿಗಳಿಗೆ ಕಾನೂನಿನ ಬಲವಿರುವ ಒಂದು ನಿಧಿ ಮಾಡಿ, ಅದಕ್ಕೆ ತನ್ನದೇ ಆದ ಆದಾಯ ಮೂಲ ಗೊತ್ತುಮಾಡಿ, ಅದನ್ನು ಬೇರೆಡೆಗೆ ತಿರುಗಿಸದಂತೆ ಶಾಸನದಲ್ಲೇ ಬರೆಯಿರಿ. ಆ ನಿಧಿಯ ಮೊದಲ ಹಕ್ಕು ಕಟ್ಟಡಕ್ಕೆ ಹೋಗಬಾರದು. ಕಾವಲುಗಾರರ ಸಂಬಳ, ಕಳೆ ತೆಗೆಯುವವರ ಕೂಲಿ, ಸುತ್ತಲಿನ ಊರವರ ಪರಿಹಾರಕ್ಕೆ ಹೋಗಲಿ. ಕಾವಲುಗಾರರನ್ನು ಹನ್ನೊಂದು ತಿಂಗಳ ಗುತ್ತಿಗೆಯಲ್ಲಿ ಇಟ್ಟುಕೊಳ್ಳುವ ಪದ್ಧತಿ ಎಲ್ಲೆಲ್ಲಿದೆಯೋ ಅಲ್ಲೆಲ್ಲ ನಿಲ್ಲಲಿ. ಒಂದು ನೀರಿನ ನೆಲೆಯ ಸ್ವಭಾವ ತಿಳಿಯಲು ಅನೇಕ ಮಳೆಗಾಲಗಳು ಬೇಕು. ಮತ್ತು ಪ್ರತಿವರ್ಷದ ಆಯವ್ಯಯ ಪತ್ರದಲ್ಲಿ ಎರಡು ಅಂಕಿಗಳನ್ನು ಅಕ್ಕಪಕ್ಕ ಮುದ್ರಿಸಿ: ಜೌಗು ನೆಲ ಉಳಿಸಲು ಎಷ್ಟು ಕೊಟ್ಟಿರಿ, ಅದನ್ನು ಬಸಿಯುವ, ತುಂಬುವ, ಕೆಡಿಸುವ ಕೆಲಸಗಳಿಗೆ ಎಷ್ಟು ಕೊಟ್ಟಿರಿ. ಎರಡನೆಯ ಅಂಕಿಯನ್ನು ಯಾವ ವರ್ಷದೊಳಗೆ ಎಷ್ಟಕ್ಕೆ ಇಳಿಸುತ್ತೀರಿ ಎಂಬುದನ್ನೂ ಅಲ್ಲಿಯೇ ಬರೆಯಿರಿ. ಉತ್ತರವನ್ನು ನನಗೆ ಕಳುಹಿಸಬೇಕಾಗಿಲ್ಲ. ನಿಮ್ಮ ಮುಂದಿನ ಆಯವ್ಯಯದಲ್ಲಿ ಓದಿಕೊಳ್ಳುತ್ತೇನೆ.

ಇತಿ,
ಗೌರವಪೂರ್ವಕವಾಗಿ,
ಒಬ್ಬ ನಾಗರಿಕ